ಇಷ್ಟೊಂದು ಮಾತ್ರೆ ಯಾಕೆ? ಹದಿನಾಲ್ಕು ದಿನ ಯಾಕೆ?
(ವಿಜ್ಞಾನ ಪಾಠ – ಬರೆದವಳು: 7ನೇ ತರಗತಿ ವಿದ್ಯಾರ್ಥಿನಿ)



ನಮ್ಮ ಕಡೆ ಯಾರನ್ನು ಕೇಳಿದರೂ "ಗ್ಯಾಸ್ಟ್ರಿಕ್ಕು" ಅನ್ನುತ್ತಾರೆ. ಎದೆ ಉರಿದರೂ ಗ್ಯಾಸ್ಟ್ರಿಕ್ಕು, ಹುಳಿ ತೇಗು ಬಂದರೂ ಗ್ಯಾಸ್ಟ್ರಿಕ್ಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಮೆಡಿಕಲ್ ಶಾಪ್ ಇರುತ್ತೆ. ಅಲ್ಲಿ ಹೋಗಿ "ಹೊಟ್ಟೆ ಉರಿಗೆ ಎರಡು ಮಾತ್ರೆ ಕೊಡಿ" ಅಂತ ಕೇಳುವವರು ತುಂಬಾ ಜನ. ಆದರೆ ಒಂದು ಜಾತಿಯ ಹೊಟ್ಟೆ ಹುಣ್ಣು ಇದೆ. ಅದಕ್ಕೆ ಎರಡು ಮಾತ್ರೆ ಸಾಲುವುದಿಲ್ಲ. ಡಾಕ್ಟರು ಮೂರು ನಾಲ್ಕು ತರಹದ ಮಾತ್ರೆಗಳನ್ನು ಒಟ್ಟಿಗೆ ಕೊಟ್ಟು, ಹದಿನಾಲ್ಕು ದಿನ ಬಿಡದೆ ತಗೊಳ್ಳಿ ಅನ್ನುತ್ತಾರೆ. ಒಂದು ಕಾಯಿಲೆಗೆ ಇಷ್ಟೊಂದು ಮಾತ್ರೆ ಯಾಕೆ? ನೋವು ಹೋದ ಮೇಲೂ ಯಾಕೆ ನುಂಗಬೇಕು? ಈ ಎರಡು ಪ್ರಶ್ನೆಗೆ ಉತ್ತರ ಹೇಳುವುದೇ ಈ ಪಾಠದ ಉದ್ದೇಶ.

1. ನಮ್ಮ ಜಠರ

ನಾವು ತಿಂದ ಮುದ್ದೆ, ಸಾರು ಎಲ್ಲ ಅನ್ನನಾಳದ ಮೂಲಕ ಜಠರಕ್ಕೆ ಹೋಗುತ್ತೆ. ಜಠರ ಎಂದರೆ ಒಂದು ಚೀಲದ ಹಾಗೆ. ಅದರ ಗೋಡೆಯಿಂದ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತೆ. ಈ ಆಮ್ಲ ನಿಂಬೆ ರಸಕ್ಕಿಂತ ಖಾರ. ಆಹಾರವನ್ನು ಅರಗಿಸಲು ಸಹಾಯ ಮಾಡುತ್ತೆ, ಆಹಾರದ ಜೊತೆ ಬಂದ ಎಷ್ಟೋ ಕ್ರಿಮಿಗಳನ್ನು ಕೊಲ್ಲುತ್ತೆ. ಹಾಗಾದರೆ ಅದು ನಮ್ಮ ಜಠರವನ್ನೇ ಯಾಕೆ ಸುಡುವುದಿಲ್ಲ? ಜಠರದ ಒಳಗೋಡೆಗೆ ಲೋಳೆಯ ಹೊದಿಕೆ ಇದೆ. ಆ ಲೋಳೆ ಆಮ್ಲವನ್ನು ಗೋಡೆಗೆ ತಾಗಲು ಬಿಡುವುದಿಲ್ಲ. ಯಾವುದಾದರೂ ಕಾರಣದಿಂದ ಈ ಹೊದಿಕೆ ಕೆಟ್ಟರೆ ಆಮ್ಲ ಗೋಡೆಗೆ ತಾಗಿ ಹುಣ್ಣಾಗುತ್ತೆ. ಇದೇ ಅಲ್ಸರ್. ಜಠರದಲ್ಲೂ ಆಗಬಹುದು, ಅದರ ಮುಂದಿನ ಸಣ್ಣ ಕರುಳಿನ ಮೊದಲ ಭಾಗದಲ್ಲೂ ಆಗಬಹುದು.

ನಮ್ಮ ಊರಿನವರಿಗೆ ಇನ್ನೊಂದು ವಿಷಯ ಹೇಳುತ್ತೇನೆ. ರೇಷ್ಮೆ ಹುಳುವಿನ ಹೊಟ್ಟೆ ನಮ್ಮ ಹೊಟ್ಟೆಗೆ ಪೂರ್ತಿ ಉಲ್ಟಾ. ಅದರ ಕರುಳಿನಲ್ಲಿ ಆಮ್ಲ ಇಲ್ಲ, ಪ್ರತ್ಯಾಮ್ಲ ಇದೆ, ಅಂದರೆ ಸುಣ್ಣದ ನೀರಿನ ಗುಣ. ಒಂದೊಂದು ಜೀವಿಯ ಹೊಟ್ಟೆ ಒಂದೊಂದು ತರಹ. ಒಂದೊಂದು ಹೊಟ್ಟೆಗೂ ಅಲ್ಲಿಗೆ ಹೊಂದಿಕೊಂಡ ಕ್ರಿಮಿಗಳೂ ಇರುತ್ತವೆ.

2. ಹಿಂದೆ ಏನು ತಿಳಿದಿದ್ದರು?

ಹಿಂದೆ ಅಲ್ಸರ್ ಬರಲು ಖಾರ, ಚಿಂತೆ, ಹೊತ್ತು ಮೀರಿ ಊಟ ಮಾಡುವುದು ಇವೇ ಕಾರಣ ಎಂದು ನಂಬಿದ್ದರು. ಹಾಲು, ಮಜ್ಜಿಗೆ ಅನ್ನ, ಸಪ್ಪೆ ಊಟ ಕೊಡುತ್ತಿದ್ದರು. ಆಮ್ಲ ಕಡಿಮೆ ಮಾಡುವ ಮಾತ್ರೆ ಕೊಡುತ್ತಿದ್ದರು. ಮಾತ್ರೆ ನಿಲ್ಲಿಸಿದರೆ ತುಂಬಾ ಜನರಿಗೆ ಹುಣ್ಣು ಮತ್ತೆ ಬರುತ್ತಿತ್ತು. ಕೊನೆಗೆ ಆಪರೇಷನ್ ಮಾಡಿ ಜಠರದ ಒಂದು ಭಾಗವನ್ನು ತೆಗೆಯುತ್ತಿದ್ದರು, ಅಥವಾ ಆಮ್ಲ ಬರುವಂತೆ ಮಾಡುವ ನರವನ್ನು ಕತ್ತರಿಸುತ್ತಿದ್ದರು.

ನಮ್ಮ ಕರ್ನಾಟಕದಲ್ಲೂ ಈ ಕಾಯಿಲೆ ಬಹಳ ಇತ್ತು. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಇದೆ. ಜನ ಅದನ್ನು ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1950 ಮತ್ತು 60ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲೆಂಡಿನ ಸರ್ಜನ್ ಕೆಲಸ ಮಾಡುತ್ತಿದ್ದರು. ದಕ್ಷಿಣ ಭಾರತದಲ್ಲಿ ಕರುಳಿನ ಹುಣ್ಣು ಇಷ್ಟು ಹೆಚ್ಚು ಯಾಕೆ ಎಂದು ಅವರು ಯೋಚಿಸಿದರು. ಅಕ್ಕಿ ಮುಖ್ಯ ಆಹಾರವಾದ ದಕ್ಷಿಣದ ಕಡೆ ಹುಣ್ಣು ಹೆಚ್ಚು, ಗೋಧಿ ರೊಟ್ಟಿ ತಿನ್ನುವ ಪಂಜಾಬಿನ ಕಡೆ ಕಡಿಮೆ ಎಂದು ಕಂಡುಕೊಂಡು 1979ರಲ್ಲಿ ದೊಡ್ಡ ಲೇಖನ ಬರೆದರು. ಹುರುಳಿಯಂಥ ಕಾಳುಗಳಲ್ಲಿ ಹೊಟ್ಟೆಯನ್ನು ಕಾಪಾಡುವ ಅಂಶ ಇದೆಯೇ ಎಂದೂ ಹುಡುಕಿದರು. ಅವರು ನೋಡಿದ್ದು ನಿಜವೇ. ಆಹಾರಕ್ಕೂ ಹುಣ್ಣಿಗೂ ಸಂಬಂಧ ಇರಬಹುದು. ಆದರೆ ಆಗ ಯಾರಿಗೂ ಇನ್ನೊಬ್ಬ ಕಳ್ಳ ಒಳಗೆ ಕೂತಿರುವುದು ಗೊತ್ತಿರಲಿಲ್ಲ. ಆ ಕಳ್ಳ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ.

3. ಕಳ್ಳ ಸಿಕ್ಕಿದ ಕಥೆ

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ಡಾಕ್ಟರ್ ಇದ್ದರು. ರೋಗಿಗಳ ಜಠರದಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. 1979ರಲ್ಲಿ ಅವರಿಗೆ ಅಂಥ ಒಂದು ಚೂರಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳು ಕಂಡವು. ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕಿ ನೆಲೆಸುವುದಿಲ್ಲ ಎಂದು ಆಗಿನ ಡಾಕ್ಟರುಗಳು ನಂಬಿದ್ದರು. ಆದ್ದರಿಂದ ಇವರ ಮಾತನ್ನು ಹೆಚ್ಚು ಜನ ಕೇಳಲಿಲ್ಲ. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರ್ ಅವರ ಜೊತೆ ಸೇರಿದರು. ಇಬ್ಬರೂ ಆ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಲು ನೋಡಿದರು. ಎರಡು ದಿನ ನೋಡಿ ಏನೂ ಬೆಳೆದಿಲ್ಲ ಎಂದು ತಟ್ಟೆಗಳನ್ನು ಎಸೆಯುತ್ತಿದ್ದರು. 1982ರಲ್ಲಿ ಈಸ್ಟರ್ ಹಬ್ಬದ ರಜ ಬಂತು. ರಜದಲ್ಲಿ ತಟ್ಟೆಗಳು ಹಾಗೇ ಉಳಿದವು. ರಜ ಮುಗಿಸಿ ಬಂದು ನೋಡಿದರೆ ಕ್ರಿಮಿ ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವ ಕ್ರಿಮಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅವರು ಮೊದಲು ತಮ್ಮ ಜಠರವನ್ನು ಪರೀಕ್ಷೆ ಮಾಡಿಸಿ, ತನ್ನಲ್ಲಿ ಈ ಕ್ರಿಮಿ ಇಲ್ಲ ಎಂದು ಖಚಿತ ಮಾಡಿಕೊಂಡರು. ಆಮೇಲೆ ಆ ಕ್ರಿಮಿಗಳಿದ್ದ ದ್ರವವನ್ನು ತಾವೇ ಕುಡಿದುಬಿಟ್ಟರು! ಕೆಲವು ದಿನಗಳಲ್ಲಿ ವಾಂತಿ ಶುರುವಾಯಿತು, ಬಾಯಿ ವಾಸನೆ ಬಂತು. ಮತ್ತೆ ಪರೀಕ್ಷೆ ಮಾಡಿದಾಗ ಜಠರದ ಗೋಡೆ ಊದಿಕೊಂಡಿತ್ತು, ಅಲ್ಲಿ ಅದೇ ಕ್ರಿಮಿ ಇತ್ತು. ಆಮೇಲೆ ಔಷಧಿ ತಗೊಂಡು ಗುಣವಾದರು. (ಗೆಳೆಯರೇ, ನಾವು ಯಾರೂ ಹೀಗೆ ಮಾಡಬಾರದು.) ಈ ಕೆಲಸಕ್ಕೆ ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ 2005ರಲ್ಲಿ ನೊಬೆಲ್ ಬಹುಮಾನ ಬಂತು. ವಾರೆನ್ ಅವರು 2024ರಲ್ಲಿ ತೀರಿಕೊಂಡರು.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪಿಕೊಳ್ಳಬಾರದು ಎಂದು ಹೇಳುತ್ತಿದ್ದರು. ಎಲ್ಲರೂ "ಆಮ್ಲದಲ್ಲಿ ಕ್ರಿಮಿ ಇರಲ್ಲ" ಎಂದಾಗ ಈ ಇಬ್ಬರು ಪ್ರಶ್ನೆ ಕೇಳಿದರು. ಅದಕ್ಕೇ ಕಳ್ಳ ಸಿಕ್ಕಿದ.

ಆ ಕ್ರಿಮಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಸುಲಭವಾಗಿ ಎಚ್. ಪೈಲೋರಿ ಅನ್ನುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು ಮೂರು ಭಾಗದಷ್ಟು ಉದ್ದ. ನಮ್ಮ ರೇಷ್ಮೆ ಗೂಡಿನಿಂದ ಬಿಚ್ಚುವ ಒಂಟಿ ಎಳೆಯ ದಪ್ಪಕ್ಕೆ ಹೋಲಿಸಿದರೆ ಈ ಕ್ರಿಮಿಯ ಉದ್ದ ಸುಮಾರು ಹತ್ತರಲ್ಲಿ ಒಂದು ಭಾಗ! ಅದಕ್ಕೆ ಬಾಲದಂಥ ಕೂದಲುಗಳಿವೆ. ತಿರುಪಿನ ಹಾಗೆ ತಿರುಗುತ್ತಾ ಲೋಳೆಯ ಒಳಕ್ಕೆ ಹೋಗಿ ಅಡಗಿಕೊಳ್ಳುತ್ತೆ.

4. ಆಮ್ಲದಲ್ಲಿ ಹೇಗೆ ಬದುಕುತ್ತೆ? (ಪ್ರಯೋಗ)

ಇದು ನನಗೆ ತುಂಬಾ ಇಷ್ಟವಾದ ಭಾಗ. ನಮ್ಮ ಮೈಯಲ್ಲಿ ಯೂರಿಯಾ ತಯಾರಾಗುತ್ತೆ. ಹೊಲಕ್ಕೆ ಹಾಕುವ ಗೊಬ್ಬರವೂ ಯೂರಿಯಾನೇ, ವಸ್ತು ಒಂದೇ. ಜಠರದ ರಸದಲ್ಲೂ ಸ್ವಲ್ಪ ಇರುತ್ತೆ. ಎಚ್. ಪೈಲೋರಿ "ಯೂರಿಯೇಸ್" ಎಂಬ ಕಿಣ್ವವನ್ನು ತಯಾರು ಮಾಡುತ್ತೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತೆ. ಅಮೋನಿಯಾ ಪ್ರತ್ಯಾಮ್ಲ. ಅದು ಸುತ್ತಲಿನ ಆಮ್ಲವನ್ನು ತಟಸ್ಥ ಮಾಡುತ್ತೆ. ಮಳೆಯಲ್ಲಿ ನಾವು ಛತ್ರಿ ಹಿಡಿದ ಹಾಗೆ ಆ ಕ್ರಿಮಿ ಅಮೋನಿಯಾದ ಛತ್ರಿ ಹಿಡಿದುಕೊಂಡು ಇರುತ್ತೆ.

ಇದನ್ನು ನಮ್ಮ ಮೇಷ್ಟ್ರು ತರಗತಿಯಲ್ಲಿ ಮಾಡಿಸಿದರು. ನೀವೂ ಮೇಷ್ಟ್ರ ಎದುರಿಗೆ ಮಾಡಬಹುದು.

ಬೇಕಾಗುವ ಸಾಮಾನು: ಎರಡು ಗಾಜಿನ ಲೋಟ, ಒಂದು ಚಮಚ ಯೂರಿಯಾ ಗೊಬ್ಬರ, ನೆನೆಸಿ ಅರೆದ ಹಸಿ ಸೋಯಾ ಕಾಳು, ಅರಿಶಿನ ಹಚ್ಚಿ ಒಣಗಿಸಿದ ಕಾಗದ.

ಮಾಡುವ ವಿಧಾನ: ಎರಡು ಲೋಟದಲ್ಲೂ ನೀರು ಹಾಕಿ ಅರ್ಧರ್ಧ ಚಮಚ ಯೂರಿಯಾ ಕರಗಿಸಿ. ಒಂದು ಲೋಟಕ್ಕೆ ಮಾತ್ರ ಸೋಯಾ ಹಿಟ್ಟು ಹಾಕಿ ಕಲಸಿ. ಸೋಯಾ ಕಾಳಿನಲ್ಲೂ ಯೂರಿಯೇಸ್ ಇದೆ. ಸ್ವಲ್ಪ ಹೊತ್ತು ಬಿಟ್ಟು ಎರಡರಲ್ಲೂ ಅರಿಶಿನ ಕಾಗದ ಅದ್ದಿ.

ಕಂಡದ್ದು: ಬರೀ ಯೂರಿಯಾ ಇದ್ದ ಲೋಟದಲ್ಲಿ ಕಾಗದ ಹಳದಿಯಾಗೇ ಇತ್ತು. ಸೋಯಾ ಹಾಕಿದ ಲೋಟದಲ್ಲಿ ಕಾಗದ ಕೆಂಪು ಬಣ್ಣಕ್ಕೆ ತಿರುಗಿತು. ಮೂಗಿಗೆ ಅಮೋನಿಯಾ ವಾಸನೆಯೂ ಬಂತು. ಹುಡುಗರೆಲ್ಲ ಮೂಗು ಮುಚ್ಚಿಕೊಂಡರು.

(ಸೂಚನೆ: ಲೋಟಗಳನ್ನು ಊಟಕ್ಕೆ ಬಳಸಬೇಡಿ. ಕೈಯನ್ನು ಸೋಪು ಹಾಕಿ ತೊಳೆಯಿರಿ.)

ದೊಡ್ಡ ಆಸ್ಪತ್ರೆಯಲ್ಲಿ ಮಾಡುವ ಒಂದು ಪರೀಕ್ಷೆಯೂ ಹೀಗೇ ಇದೆ. ಬಾಯಿಯಿಂದ ತೆಳ್ಳನೆಯ ಕೊಳವೆ ಇಳಿಸಿ ಜಠರವನ್ನು ನೋಡುತ್ತಾರೆ. ಅದಕ್ಕೆ ಎಂಡೋಸ್ಕೋಪಿ ಎಂದು ಹೆಸರು. ಆಗ ಜಠರದ ಒಂದು ಚಿಕ್ಕ ಚೂರು ತೆಗೆದು ಯೂರಿಯಾ ಮತ್ತು ಸೂಚಕ ಇರುವ ಹಳದಿ ಜೆಲ್ಲಿಯಲ್ಲಿ ಇಡುತ್ತಾರೆ. ಬಣ್ಣ ಗುಲಾಬಿಗೆ ತಿರುಗಿದರೆ ಕ್ರಿಮಿ ಇದೆ ಎಂದು ಅರ್ಥ. ಕೊಳವೆ ಇಲ್ಲದೆ ಉಸಿರಿನ ಪರೀಕ್ಷೆ, ಮಲದ ಪರೀಕ್ಷೆಯಿಂದಲೂ ತಿಳಿಯಬಹುದು.

5. ಒಂದೇ ಮಾತ್ರೆ ಸಾಲದೇ?

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಿಗೆ ಪ್ರತಿಜೈವಿಕ, ಅಂದರೆ ಆ್ಯಂಟಿಬಯೋಟಿಕ್ ಎನ್ನುತ್ತಾರೆ. ಈ ಕ್ರಿಮಿಗೆ ಮೊದಮೊದಲು ಒಂದೊಂದೇ ಔಷಧಿ ಕೊಟ್ಟು ನೋಡಿದರು. ತುಂಬಾ ಜನರಲ್ಲಿ ಕ್ರಿಮಿ ಪೂರ್ತಿ ಹೋಗಲಿಲ್ಲ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಥಾಮಸ್ ಬೊರೋಡಿ ಎಂಬ ಡಾಕ್ಟರ್ ಮತ್ತು ಅವರ ಜೊತೆಗಾರರು ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಮೂರನ್ನೂ ಸೇರಿಸಿ ಕೊಟ್ಟರು. ಆಗ ಹೆಚ್ಚಿನವರಲ್ಲಿ ಕ್ರಿಮಿ ಹೋಯಿತು. ಈಗ ಹೆಚ್ಚಾಗಿ ಎರಡು ತರಹದ ಕಟ್ಟು ಕೊಡುತ್ತಾರೆ.

ಮೂರರ ಕಟ್ಟು: ಒಮೆಪ್ರಜೋಲ್‌ನಂಥ ಆಮ್ಲ ತಡೆಯುವ ಮಾತ್ರೆ + ಅಮಾಕ್ಸಿಸಿಲಿನ್ + ಕ್ಲಾರಿಥ್ರೋಮೈಸಿನ್.

ನಾಲ್ಕರ ಕಟ್ಟು: ಆಮ್ಲ ತಡೆಯುವ ಮಾತ್ರೆ + ಬಿಸ್ಮತ್ + ಟೆಟ್ರಾಸೈಕ್ಲಿನ್ + ಮೆಟ್ರೊನಿಡಜೋಲ್.

ಇವು ಒಂದೊಂದೂ ಏನು ಕೆಲಸ ಮಾಡುತ್ತವೆ ನೋಡೋಣ.

ಆಮ್ಲ ತಡೆಯುವ ಮಾತ್ರೆ: ಇದು ಆ್ಯಂಟಿಬಯೋಟಿಕ್ ಅಲ್ಲ. ಜಠರದಲ್ಲಿ ಆಮ್ಲ ಬರುವುದನ್ನು ಕಡಿಮೆ ಮಾಡುತ್ತೆ. ಹುಣ್ಣು ಮಾಯಲು ಸಮಯ ಸಿಗುತ್ತೆ. ಇನ್ನೊಂದು ಗುಟ್ಟು ಇದೆ. ಆಮ್ಲ ಜಾಸ್ತಿ ಇದ್ದಾಗ ಕೆಲವು ಕ್ರಿಮಿಗಳು ಬೆಳೆಯದೆ ಸುಮ್ಮನೆ ಮುದುರಿಕೊಂಡಿರುತ್ತವೆ. ಆಮ್ಲ ಕಡಿಮೆಯಾದರೆ ಎದ್ದು ಬೆಳೆಯಲು ಶುರು ಮಾಡುತ್ತವೆ. ಬೆಳೆಯುತ್ತಿರುವ ಕ್ರಿಮಿಯ ಮೇಲೇ ಅಮಾಕ್ಸಿಸಿಲಿನ್ ಕೆಲಸ ಮಾಡುವುದು. ಆಮ್ಲದಲ್ಲಿ ಕೆಲವು ಔಷಧಿಗಳ ಶಕ್ತಿಯೂ ಕುಗ್ಗುತ್ತೆ. ಆದ್ದರಿಂದ ಈ ಮಾತ್ರೆ ಉಳಿದ ಮಾತ್ರೆಗಳಿಗೆ ದಾರಿ ಮಾಡಿಕೊಡುತ್ತೆ. ಇದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು.

ಅಮಾಕ್ಸಿಸಿಲಿನ್: ಕ್ರಿಮಿ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವುದನ್ನು ತಡೆಯುತ್ತೆ. ಗೋಡೆ ಇಲ್ಲದೆ ಅದು ಒಡೆದು ಸಾಯುತ್ತೆ. ಇದು ಪೆನಿಸಿಲಿನ್ ಜಾತಿಯದು. ಪೆನಿಸಿಲಿನ್ ಒಗ್ಗದವರು ಮುಂಚೆಯೇ ಡಾಕ್ಟರಿಗೆ ಹೇಳಬೇಕು.

ಕ್ಲಾರಿಥ್ರೋಮೈಸಿನ್, ಟೆಟ್ರಾಸೈಕ್ಲಿನ್: ಇವೆರಡೂ ಬೇರೆ ಬೇರೆ ರೀತಿಯಲ್ಲಿ ಕ್ರಿಮಿಯ ಒಳಗೆ ಪ್ರೋಟೀನು ತಯಾರಾಗುವುದನ್ನು ನಿಲ್ಲಿಸುತ್ತವೆ. ಟೆಟ್ರಾಸೈಕ್ಲಿನ್‌ನ್ನು ಹಾಲಿನ ಜೊತೆ ತಗೊಂಡರೆ ಅದು ಮೈಗೆ ಸರಿಯಾಗಿ ಸೇರುವುದಿಲ್ಲ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವುದಿಲ್ಲ.

ಮೆಟ್ರೊನಿಡಜೋಲ್: ಕ್ರಿಮಿಯ ಡಿ.ಎನ್.ಎ. ಹಾಳು ಮಾಡುತ್ತೆ. ಇದನ್ನು ತಗೊಳ್ಳುವಾಗ ಬಾಯಿ ಲೋಹ ನೆಕ್ಕಿದ ಹಾಗೆ ಕಹಿಯಾಗಬಹುದು. ಮದ್ಯ ಮುಟ್ಟಬಾರದು.

ಬಿಸ್ಮತ್: ಹುಣ್ಣಿನ ಮೇಲೆ ಮುಚ್ಚಳದ ಹಾಗೆ ಕೂರುತ್ತೆ, ಕ್ರಿಮಿಗೂ ತೊಂದರೆ ಕೊಡುತ್ತೆ. ಇದರಿಂದ ಮಲ ಕಪ್ಪಾಗುತ್ತೆ. ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಬಿಸ್ಮತ್ ತಗೊಳ್ಳದೆ ಇರುವವರಿಗೆ ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ ಅದು ಹುಣ್ಣಿನಿಂದ ರಕ್ತ ಬಂದಿರುವ ಗುರುತು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನೋಡಿದಿರಾ? ಒಂದು ಗೋಡೆ ಒಡೆಯುತ್ತೆ, ಒಂದು ಒಳಗಿನ ಕೆಲಸ ನಿಲ್ಲಿಸುತ್ತೆ, ಒಂದು ದಾರಿ ಬಿಡಿಸುತ್ತೆ. ನಮ್ಮ ಊರಲ್ಲಿ ಮನೆ ಕಟ್ಟುವಾಗ ಗಾರೆಯವರು, ಬಡಗಿ, ಕರೆಂಟಿನವರು ಬೇರೆ ಬೇರೆ ಇರುವ ಹಾಗೆ.

6. ಒಂದು ಲೆಕ್ಕ

ಇದು ತಿಳಿಯಲೆಂದು ಇಟ್ಟುಕೊಂಡ ಲೆಕ್ಕ. ನಿಜವಾದ ಸಂಖ್ಯೆ ಹೆಚ್ಚು ಕಡಿಮೆ ಇರಬಹುದು.

ಒಬ್ಬರ ಜಠರದಲ್ಲಿ 100 ಕೋಟಿ ಕ್ರಿಮಿ ಇವೆ ಎಂದುಕೊಳ್ಳಿ. ಕ್ರಿಮಿಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವಾಗ ಒಂದೊಂದು ಸಲ ನಕಲು ತಪ್ಪಾಗುತ್ತೆ. ಹಾಗೆ ತಪ್ಪಾದಾಗ ಅಪರೂಪಕ್ಕೆ ಒಂದು ಕ್ರಿಮಿ ಒಂದು ಔಷಧಿಗೆ ಬಗ್ಗದಂತೆ ಆಗಿಬಿಡುತ್ತೆ. ಒಂದು ಕೋಟಿಯಲ್ಲಿ ಒಂದು ಕ್ರಿಮಿ ಹೀಗಿದೆ ಎಂದುಕೊಳ್ಳೋಣ.

ಔಷಧಿ "ಅ" ಒಂದನ್ನೇ ಕೊಟ್ಟರೆ: 100 ಕೋಟಿ ÷ 1 ಕೋಟಿ = 100 ಕ್ರಿಮಿ ಉಳಿಯುತ್ತವೆ. ಅವು ನೂರೂ "ಅ"ಗೆ ಬಗ್ಗದ ಕ್ರಿಮಿಗಳು! ಅವೇ ಬೆಳೆದು ಮತ್ತೆ ಕೋಟಿ ಆಗುತ್ತವೆ. ಇನ್ನು "ಅ" ಕೊಟ್ಟು ಏನು ಪ್ರಯೋಜನ?

ಔಷಧಿ "ಅ" ಮತ್ತು "ಆ" ಎರಡನ್ನೂ ಒಟ್ಟಿಗೆ ಕೊಟ್ಟರೆ: ಎರಡಕ್ಕೂ ಬಗ್ಗದ ಕ್ರಿಮಿ ಒಂದು ಕೋಟಿ × ಒಂದು ಕೋಟಿಯಲ್ಲಿ ಒಂದು. ಅಂದರೆ 1ರ ಮುಂದೆ 14 ಸೊನ್ನೆ. ನಮ್ಮ ಹತ್ತಿರ ಇರುವುದು 100 ಕೋಟಿ, ಅಂದರೆ 1ರ ಮುಂದೆ 9 ಸೊನ್ನೆ ಮಾತ್ರ. ಆದ್ದರಿಂದ ಎರಡರಿಂದಲೂ ತಪ್ಪಿಸಿಕೊಳ್ಳುವ ಕ್ರಿಮಿ ಒಂದೂ ಸಿಗುವುದು ಕಷ್ಟ. "ಅ"ಯಿಂದ ತಪ್ಪಿಸಿಕೊಂಡದ್ದನ್ನು "ಆ" ಹಿಡಿಯುತ್ತೆ, "ಆ"ಯಿಂದ ತಪ್ಪಿಸಿಕೊಂಡದ್ದನ್ನು "ಅ" ಹಿಡಿಯುತ್ತೆ.

ಆದರೆ ಹಿಂದೆ ಯಾವಾಗಲೋ ಜ್ವರಕ್ಕೆ, ಭೇದಿಗೆ ಅಂತ "ಅ" ಮಾತ್ರೆಯನ್ನು ಎರಡು ಮೂರು ತಿಂದು ಬಿಟ್ಟಿದ್ದರೆ? ಆಗ "ಅ"ಗೆ ಬಗ್ಗದ ಕ್ರಿಮಿಗಳೇ ಹೊಟ್ಟೆಯಲ್ಲಿ ತುಂಬಿಕೊಂಡಿರಬಹುದು. ಎರಡು ಕೊಟ್ಟರೂ ಒಂದನ್ನೇ ಕೊಟ್ಟ ಹಾಗಾಗುತ್ತೆ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್‌ಗೆ ಬಗ್ಗದ ಎಚ್. ಪೈಲೋರಿ ಬಹಳ ಇದೆ. ಭೇದಿಗೆ ಈ ಮಾತ್ರೆಯನ್ನು ಬಹಳ ಕಾಲದಿಂದ ಬಹಳ ಜನ ತಿಂದಿರುವುದು ಅದಕ್ಕೆ ಒಂದು ಕಾರಣ. ಆದ್ದರಿಂದ ಯಾವ ಕಟ್ಟು, ಎಷ್ಟು ಡೋಸು ಎಂದು ಡಾಕ್ಟರೇ ಹೇಳಬೇಕು.

7. ಕ್ಷಯ ರೋಗ ಕಲಿಸಿದ ಪಾಠ

ಈ ಬುದ್ಧಿ ಡಾಕ್ಟರುಗಳಿಗೆ ಮೊದಲು ಬಂದದ್ದು ಕ್ಷಯ ರೋಗದಿಂದ. ಚಿಂತಾಮಣಿಯಿಂದ ಆಚೆ ಆಂಧ್ರದ ಮದನಪಲ್ಲಿಯ ಹತ್ತಿರ ಆರೋಗ್ಯವರಂ ಎಂಬ ಕಡೆ 1915ರಲ್ಲಿ ಕ್ಷಯ ರೋಗಿಗಳ ದೊಡ್ಡ ಆಸ್ಪತ್ರೆ ಶುರುವಾಯಿತು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಒಳ್ಳೆ ಗಾಳಿ, ಊಟ, ವಿಶ್ರಾಂತಿ ಇವೇ ಚಿಕಿತ್ಸೆ. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಇಂಜೆಕ್ಷನ್ ಬಂತು. ರೋಗಿಗಳು ಚೇತರಿಸಿಕೊಂಡರು. ಎಲ್ಲರಿಗೂ ಸಂತೋಷವಾಯಿತು. ಆದರೆ ಕೆಲವು ತಿಂಗಳಲ್ಲಿ ಎಷ್ಟೋ ಜನರಿಗೆ ಕಾಯಿಲೆ ಮತ್ತೆ ಹೆಚ್ಚಾಯಿತು. ನೋಡಿದರೆ ಅವರ ಮೈಯಲ್ಲಿ ಉಳಿದ ಕ್ರಿಮಿಗಳು ಸ್ಟ್ರೆಪ್ಟೋಮೈಸಿನ್‌ಗೆ ಬಗ್ಗುತ್ತಿರಲಿಲ್ಲ. ಆಮೇಲೆ ಇನ್ನೊಂದು ಔಷಧಿಯನ್ನು ಜೊತೆಗೆ ಕೊಟ್ಟಾಗ ಹೀಗಾಗುವುದು ತುಂಬಾ ಕಡಿಮೆಯಾಯಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಉಚಿತವಾಗಿ ಕೊಡುತ್ತಾರೆ. ಕ್ಷಯಕ್ಕೆ ಆರು ತಿಂಗಳು, ಎಚ್. ಪೈಲೋರಿಗೆ ಹದಿನಾಲ್ಕು ದಿನ. ಆದರೆ ತತ್ವ ಒಂದೇ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು. ಔಷಧಿಯನ್ನು ಬೇಕಾದ್ದಕ್ಕಿಂತ ಕಡಿಮೆ ತಗೊಂಡರೆ ಕ್ರಿಮಿ ಸಾಯುವ ಬದಲು ಅದಕ್ಕೆ ಪಳಗುತ್ತೆ ಎಂದು ಅವರು ಹೇಳಿದ್ದರು.

8. ನಮ್ಮ ಮನೆಯಲ್ಲಿ ನಡೆದದ್ದು

ನಮ್ಮ ಚಿಕ್ಕಪ್ಪ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಮನೆಯಲ್ಲಿ ಹುಳು ಸಾಕಾಣಿಕೆಯೂ ಇದೆ. ಅವರಿಗೆ ರಾತ್ರಿ ಹೊತ್ತು ಹೊಟ್ಟೆ ನೋವು ಬರುತ್ತಿತ್ತು. ಎದ್ದು ಒಂದು ತುಂಡು ಮುದ್ದೆ ತಿಂದರೆ ಸ್ವಲ್ಪ ಕಡಿಮೆಯಾಗುತ್ತಿತ್ತು. ಎಂಡೋಸ್ಕೋಪಿ ಮಾಡಿ ಹುಣ್ಣಿದೆ, ಎಚ್. ಪೈಲೋರಿ ಇದೆ ಎಂದು ಹೇಳಿದರು. ಮೂರರ ಕಟ್ಟು ಬರೆದುಕೊಟ್ಟರು. ಐದನೇ ದಿನಕ್ಕೆ ನೋವು ಹೋಯಿತು. ಚಿಕ್ಕಪ್ಪ ಮಾತ್ರೆ ನಿಲ್ಲಿಸಿದರು. ಮಿಕ್ಕ ಮಾತ್ರೆಗಳನ್ನು ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟರು. ಪಕ್ಕದ ಮನೆಯವರಿಗೆ ನೆಗಡಿಯಾದಾಗ ಅದರಲ್ಲಿ ನಾಲ್ಕು ಅವರಿಗೂ ಕೊಟ್ಟರು. ನೆಗಡಿ ವೈರಸ್ಸಿನಿಂದ ಬರುತ್ತೆ, ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದೇ ಇಲ್ಲ ಎಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಏಳು ತಿಂಗಳಿಗೆ ನೋವು ಮತ್ತೆ ಬಂತು. ಪರೀಕ್ಷೆ ಮಾಡಿದರೆ ಕ್ರಿಮಿ ಹಾಗೇ ಇತ್ತು. ಈ ಸಲ ಡಾಕ್ಟರು ನಾಲ್ಕರ ಕಟ್ಟು ಬರೆದರು. ನಾನು ಚೀಟಿ ನೋಡಿ ಲೆಕ್ಕ ಹಾಕಿದೆ. ದಿನಕ್ಕೆ ಬಿಸ್ಮತ್ 4, ಟೆಟ್ರಾಸೈಕ್ಲಿನ್ 4, ಮೆಟ್ರೊನಿಡಜೋಲ್ 3, ಆಮ್ಲ ತಡೆಯುವುದು 2. ಒಟ್ಟು 13. ಹದಿನಾಲ್ಕು ದಿನಕ್ಕೆ 13 × 14 = 182 ಮಾತ್ರೆ! ಕ್ಯಾಲೆಂಡರಿನ ಹಿಂದೆ ಹದಿನಾಲ್ಕು ಸಾಲು ಗೆರೆ ಹಾಕಿ ಗೋಡೆಗೆ ಅಂಟಿಸಿದೆ. ನುಂಗಿದ ಮೇಲೆ ಚಿಕ್ಕಪ್ಪ ಪೆನ್ಸಿಲಿನಲ್ಲಿ ಗುರುತು ಹಾಕಬೇಕು.

ಮೂರನೇ ದಿನ ಮಲ ಕಪ್ಪಗಾಯಿತು ಎಂದು ಅಜ್ಜಿ ಅಳಲು ಶುರು ಮಾಡಿದರು. ಡಾಕ್ಟರು ಮೊದಲೇ ಹೇಳಿದ್ದರಿಂದ ಸಮಾಧಾನ ಮಾಡಿದೆವು. ಎಂಟನೇ ದಿನ ಚಿಕ್ಕಪ್ಪ ಬಾಯೆಲ್ಲ ಕಹಿ, ಊಟ ಸೇರಲ್ಲ, ನೋವೂ ಇಲ್ಲ, ಸಾಕು ಅಂದರು. ಆಗ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ನಾನು ಕೇಳಿದೆ:

"ಚಿಕ್ಕಪ್ಪ, ಹುಳ ಇಷ್ಟು ದಪ್ಪ ಆಯ್ತಲ್ಲ, ಇವತ್ತಿಂದ ಸೊಪ್ಪು ಹಾಕೋದು ನಿಲ್ಲಿಸಿಬಿಡೋಣ್ವಾ?"

"ಏನಮ್ಮಾ ಹಂಗಂತೀಯ? ಈಗ ನಿಲ್ಲಿಸಿದ್ರೆ ಗೂಡು ಕಟ್ತದಾ? ಇಷ್ಟು ದಿನದ ಸೊಪ್ಪೆಲ್ಲ ದಂಡ."

"ಮಾತ್ರೇನೂ ಅಷ್ಟೇ ಚಿಕ್ಕಪ್ಪ."

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನೀರು ತರಲು ಹೇಳಿದರು. 182 ಗುರುತೂ ಬಿದ್ದವು. ಮಾತ್ರೆ ಮುಗಿದು ನಾಲ್ಕು ವಾರ ಕಳೆದ ಮೇಲೆ ಮಲ ಪರೀಕ್ಷೆ ಮಾಡಿಸಿದರು. ಅದಕ್ಕೆ ಎರಡು ವಾರ ಮುಂಚೆಯೇ ಆಮ್ಲ ತಡೆಯುವ ಮಾತ್ರೆ ನಿಲ್ಲಿಸಲು ಹೇಳಿದ್ದರು, ಇಲ್ಲದಿದ್ದರೆ ಕ್ರಿಮಿ ಇದ್ದರೂ ಕಾಣದೆ ಹೋಗಬಹುದು. ಕ್ರಿಮಿ ಇಲ್ಲ ಎಂದು ಬಂತು.

9. ನೋವು ಹೋದ ಮೇಲೂ ಯಾಕೆ?

ಕಾರಣ 1: ಆಮ್ಲ ತಡೆಯುವ ಮಾತ್ರೆಯಿಂದ ನೋವು ಬೇಗ ಹೋಗುತ್ತೆ. ನೋವು ಹೋದದ್ದು ಕ್ರಿಮಿ ಹೋದದ್ದರ ಗುರುತು ಅಲ್ಲ.

ಕಾರಣ 2: ಈ ಕ್ರಿಮಿ ನಿಧಾನವಾಗಿ ಬೆಳೆಯುತ್ತೆ, ಲೋಳೆಯ ಆಳದಲ್ಲಿ ಅಡಗಿರುತ್ತೆ. ಈಸ್ಟರ್ ರಜದ ಕಥೆ ನೆನಪಿದೆಯಲ್ಲ? ಮುದುರಿಕೊಂಡಿರುವ ಕ್ರಿಮಿ ಏಳುವವರೆಗೂ ಔಷಧಿ ಕಾದಿರಬೇಕು.

ಕಾರಣ 3: ಮೊದಲ ದಿನಗಳಲ್ಲಿ ಸಾಯುವುದು ಬಲವಿಲ್ಲದ ಕ್ರಿಮಿಗಳು. ಮಧ್ಯದಲ್ಲಿ ಬಿಟ್ಟರೆ ಉಳಿಯುವುದು ಗಟ್ಟಿ ಕ್ರಿಮಿಗಳು.

ನಮ್ಮ ಊರಿನವರಿಗೆ ಇದು ಹೊಸದಲ್ಲ. ಒಂದು ಬೆಳೆ ಹುಳು ಮುಗಿದ ಮೇಲೆ ಹುಳುಮನೆಯನ್ನು ತೊಳೆದು, ಬ್ಲೀಚಿಂಗ್ ಪೌಡರ್ ನೀರು ಹೊಡೆದು, ತಟ್ಟೆ ಚಂದ್ರಿಕೆ ಎಲ್ಲ ಬಿಸಿಲಿಗೆ ಹಾಕುತ್ತೇವೆ. ಒಂದು ಮೂಲೆ ಬಿಟ್ಟರೆ ಏನಾಗುತ್ತೆ? ಸಪ್ಪೆ ರೋಗವೋ ಹಾಲು ರೋಗವೋ ಮುಂದಿನ ಬೆಳೆಗೂ ಬರುತ್ತೆ. ಮುಕ್ಕಾಲು ಮನೆ ತೊಳೆದೆ, ಸಾಕು ಎಂದು ಯಾರೂ ಅನ್ನುವುದಿಲ್ಲ. ಹೊಟ್ಟೆಯೂ ಒಂದು ಹುಳುಮನೆ ಎಂದುಕೊಳ್ಳಿ.

10. ಎಲ್ಲ ಹೊಟ್ಟೆ ಉರಿಯೂ ಇದಲ್ಲ

ಇದನ್ನು ಓದಿ ಎಲ್ಲರೂ ಆ್ಯಂಟಿಬಯೋಟಿಕ್ ತರಲು ಹೋಗಬಾರದು! ಪ್ರಪಂಚದಲ್ಲಿ ಸುಮಾರು ಅರ್ಧ ಜನರ ಹೊಟ್ಟೆಯಲ್ಲಿ ಎಚ್. ಪೈಲೋರಿ ಇದೆ. ನಮ್ಮ ದೇಶದಲ್ಲೂ ಬಹಳ ಜನರಲ್ಲಿ ಇದೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಜನರಿಗೆ ಮಾತ್ರ ಹುಣ್ಣಾಗುತ್ತೆ, ಇನ್ನೂ ಕಡಿಮೆ ಜನರಿಗೆ ಬಹಳ ವರ್ಷಗಳ ನಂತರ ಜಠರದ ಕ್ಯಾನ್ಸರ್ ಬರಬಹುದು. ಕ್ಯಾನ್ಸರ್ ತರುವ ಕಾರಣಗಳ ಪಟ್ಟಿಯಲ್ಲಿ ಈ ಕ್ರಿಮಿಯನ್ನು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸೇರಿಸಿತು.

ಮೈಕೈ ನೋವಿಗೆ ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿ ನುಂಗಿಯೂ ಅಲ್ಸರ್ ಬರುತ್ತೆ. ಅದಕ್ಕೆ ಆ ಮಾತ್ರೆ ಬಿಡಬೇಕು. ಬರೀ ಎದೆ ಉರಿಗೆ ಕಾರಣ ಬೇರೆ ಇರಬಹುದು. ಆದ್ದರಿಂದ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ.

ಈ ಕ್ರಿಮಿ ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಮನೆಯವರಿಂದ ಬರುತ್ತೆ. ಬಾಯಿಯಲ್ಲಿ ಅಗಿದು ಮಗುವಿಗೆ ಕೊಡುವುದು, ಕೈ ತೊಳೆಯದೆ ಊಟ ಮಾಡುವುದು, ಕೊಳಕು ನೀರು ಇವುಗಳಿಂದ ಹರಡುತ್ತೆ. ಕಾಯಿಲೆ ಬಂದವರನ್ನು ಬೈಯಬಾರದು.

11. ನೆನಪಿಡಿ

* ಮಾತ್ರೆ ಹಾಳೆಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದೆಯೇ ನೋಡಿ. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬಾರದು ಎಂದು ಅದರ ಅರ್ಥ. ಇದನ್ನು ಜನರಿಗೆ ತಿಳಿಸಲು ಭಾರತ ಸರ್ಕಾರ 2016ರಲ್ಲಿ ಪ್ರಚಾರ ಶುರು ಮಾಡಿತು.
* ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ. ಹಳೇ ಚೀಟಿ ತೋರಿಸಿ ತರಬೇಡಿ.
* ಕಟ್ಟಿನಲ್ಲಿ ಒಂದು ಮಾತ್ರೆ ದುಬಾರಿ ಎಂದು ಅದೊಂದನ್ನು ಬಿಟ್ಟು ಉಳಿದದ್ದು ನುಂಗಬೇಡಿ. ದುಡ್ಡು ಸಾಲದಿದ್ದರೆ ಡಾಕ್ಟರಿಗೇ ಹೇಳಿ, ಜನೌಷಧಿ ಅಂಗಡಿಯಲ್ಲಿ ಕೇಳಿ.
* ಮೈಮೇಲೆ ಗಂದೆ ಎದ್ದರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಬರೀ ಕಹಿ, ವಾಕರಿಕೆ ಇದ್ದರೆ ತಾವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಿ.
* ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ.

ದೊಡ್ಡವರಿಗೆ ಕೆಲಸ ಜಾಸ್ತಿ, ಮರೆಯುತ್ತಾರೆ. ನಮಗೆ ಎಣಿಸಲು ಬರುತ್ತೆ. ಮನೆಯಲ್ಲಿ ಯಾರಿಗಾದರೂ ಇಂಥ ಮಾತ್ರೆ ಬರೆದುಕೊಟ್ಟರೆ ನಾವು ಮಕ್ಕಳು ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸೋಣ.

ಉತ್ತರ ಹೇಳಿ ನೋಡೋಣ

1. ಎಚ್. ಪೈಲೋರಿ ಆಮ್ಲದಲ್ಲಿ ಸಾಯದೆ ಇರಲು ಯಾವ ಕಿಣ್ವ ಸಹಾಯ ಮಾಡುತ್ತೆ?
2. ಅರಿಶಿನ ಕಾಗದ ಯಾವ ಲೋಟದಲ್ಲಿ ಕೆಂಪಾಯಿತು? ಯಾಕೆ?
3. ಒಂದು ಔಷಧಿಗೆ ಬಗ್ಗದ ಕ್ರಿಮಿ 10 ಲಕ್ಷದಲ್ಲಿ ಒಂದು ಇದ್ದರೆ, 100 ಕೋಟಿಯಲ್ಲಿ ಎಷ್ಟು ಉಳಿಯುತ್ತವೆ?
4. ನಿಮ್ಮ ಮನೆಯ ಡಬ್ಬಿಯಲ್ಲಿ ಕೆಂಪು ಗೆರೆಯ ಅರ್ಧ ಹಾಳೆ ಎಷ್ಟು ಇವೆ? (ಮುಟ್ಟಬೇಡಿ. ದೊಡ್ಡವರಿಗೆ ತೋರಿಸಿ ಎಣಿಸಿ ಬನ್ನಿ.)

ಮೊದಲ ಮೂರರ ಉತ್ತರ ಈ ಹಾಳೆಯ ಕೆಳಗೆ ತಲೆಕೆಳಗಾಗಿ ಬರೆದಿದ್ದೇನೆ. ನಾಲ್ಕನೆಯದನ್ನು ನೀವೇ ಸೋಮವಾರ ಪ್ರಾರ್ಥನೆ ಆದ ಮೇಲೆ ಬಂದು ಹೇಳಿ, ಎಲ್ಲ ಸೇರಿಸಿ ಕೂಡೋಣ.

(1. ಯೂರಿಯೇಸ್. 2. ಸೋಯಾ ಹಾಕಿದ ಲೋಟದಲ್ಲಿ. ಅಮೋನಿಯಾ ಪ್ರತ್ಯಾಮ್ಲ ಆದ್ದರಿಂದ. 3. ಸಾವಿರ.)